ಜಗತ್ತಿನ ಆಟ ಯಾವುದು ಅನ್ನೋ ಮೊದಲು ಶನಿವಾರದ ಕೂಲಿ ಲೆಕ್ಕ ಹಾಕೋಣ

ಸ್ವಲ್ಪ ಉದ್ದದ ಪೋಸ್ಟು, ಬಿಡುವಾದಾಗ ಓದಿ.

ಇಂಗ್ಲೆಂಡಿನ ಉತ್ತರದ ಊರುಗಳಲ್ಲಿ, ಆಮೇಲೆ ಸಿಡ್ನಿಯಲ್ಲಿ ಒಂದು ಹಳೇ ಜಗಳ ಇದೆ. ಫುಟ್ಬಾಲ್ ದೊಡ್ಡದೋ, ರಗ್ಬಿ ಲೀಗ್ ದೊಡ್ಡದೋ? ಫುಟ್ಬಾಲಿನವರು ಕಿಚಾಯಿಸೋದು ಹೀಗೆ: ನಿಮ್ಮ ಆಟ ಎಂ62 ಹೆದ್ದಾರಿಯ ಆಚೀಚೆ ಬಿಟ್ಟರೆ ಯಾರಿಗೆ ಗೊತ್ತು? ನಮ್ಮ ಫಿಫಾದಲ್ಲಿ 211 ಸದಸ್ಯರು, ವಿಶ್ವಸಂಸ್ಥೆಯಲ್ಲೇ ಇರೋದು 193. ಲೀಗಿನವರೂ ಬಿಡೋರಲ್ಲ: ನೀವು ಮೈ ಮುಟ್ಟಿದರೆ ಬಿದ್ದು ಹೊರಳಾಡ್ತೀರಿ, ನಮ್ಮವರು ಮೂಗು ಮುರಿದರೂ ಎದ್ದು ಆಡ್ತಾರೆ, ಪಾಪುವಾ ನ್ಯೂಗಿನಿಗೆ ಹೋಗಿ ಕೇಳಿ, ಅಲ್ಲಿ ಜನರ ಆಟ ಅಂದ್ರೆ ನಮ್ಮದೇ. ತಲೆ ಎಣಿಸಿದರೆ ಈ ಜಗಳ ಒಂದು ನಿಮಿಷದಲ್ಲಿ ಮುಗಿಯುತ್ತೆ, ಫುಟ್ಬಾಲ್ ಗೆಲ್ಲುತ್ತೆ. ಆದರೆ ತಲೆ ಎಣಿಸೋ ಮೊದಲು ನಾನು ಕೇಳೋ ಪ್ರಶ್ನೆ ಬೇರೆ. ಒಂದು ಆಟ ಚಿಕ್ಕದಾಗಿ ಉಳಿದದ್ದು ಅದರ ಯೋಗ್ಯತೆಯಿಂದಲೋ, ಇಲ್ಲಾ ಯಾರೋ ಅದನ್ನು ಊರಾಚೆ ಇಟ್ಟಿದ್ದರಿಂದಲೋ? ಊರಾಚೆ ಇರೋದು ಅಂದ್ರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ರಗ್ಬಿಯಲ್ಲಿ ಎರಡು ಬಗೆ. 15 ಜನ ಆಡೋದು ಯೂನಿಯನ್, 13 ಜನ ಆಡೋದು ಲೀಗ್. ಒಂದು ಎರಡಾದದ್ದು ಆಟದ ನಿಯಮದ ಜಗಳಕ್ಕಲ್ಲ, ಕೂಲಿಯ ಜಗಳಕ್ಕೆ.

ರಗ್ಬಿ ಮೊದಲು ದೊಡ್ಡ ಮನೆತನದ ಹುಡುಗರು ಓದೋ ಶಾಲೆಗಳ ಆಟ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಯಾರ್ಕ್‌ಶೈರ್, ಲ್ಯಾಂಕಾಶೈರ್ ಕಡೆಯ ಗಣಿ ಕಾರ್ಮಿಕರು, ಗಿರಣಿ ಕಾರ್ಮಿಕರು ಅದನ್ನು ಆಡತೊಡಗಿದರು, ಸಾಹೇಬರಿಗಿಂತ ಚೆನ್ನಾಗಿ ಆಡಿದರು. ತೊಂದರೆ ಶುರುವಾದದ್ದೇ ಅಲ್ಲಿ. ಕಾರ್ಮಿಕನಿಗೆ ಶನಿವಾರವೂ ಅರ್ಧ ದಿನ ಕೆಲಸ. ದೂರದ ಊರಲ್ಲಿ ಪಂದ್ಯ ಇದ್ದರೆ ಕೆಲಸ ಬಿಡಬೇಕು, ಕೂಲಿ ಹೋಯ್ತು. ಉತ್ತರದ ಕ್ಲಬ್ಬುಗಳು ಕೇಳಿದ್ದು ಆಟಗಾರರಿಗೆ ಸಂಬಳ ಅಲ್ಲ, ಕಳೆದುಕೊಂಡ ಕೂಲಿಯನ್ನು ತುಂಬಿಕೊಡೋಕೆ ಒಂದು ಅನುಮತಿ. ಅದಕ್ಕೆ 'ಬ್ರೋಕನ್ ಟೈಮ್' ಅಂತ ಹೆಸರು. 1893ರಲ್ಲಿ ಲಂಡನ್ನಿನ ಸಭೆಯಲ್ಲಿ ಯಾರ್ಕ್‌ಶೈರ್‌ನವರು ಇದನ್ನು ಮಂಡಿಸಿದರು. 282ಕ್ಕೆ 136 ಮತಗಳಿಂದ ಸೋತರು. ಸಾಹೇಬರ ವಾದ ಏನು ಗೊತ್ತಾ? ಆಟವನ್ನು ಪ್ರೀತಿಗಾಗಿ ಆಡಬೇಕು, ದುಡ್ಡಿಗಲ್ಲ. ಎಷ್ಟು ಚಂದ ಕೇಳುತ್ತೆ ನೋಡಿ! ಅಪ್ಪನ ಆಸ್ತಿ ಇರೋನು ಪ್ರೀತಿಗಾಗಿ ಎಷ್ಟು ದಿನ ಬೇಕಾದರೂ ಆಡಬಹುದು. ಧರಣಿಗೆ ಬಾರಣ್ಣ ಅಂತ ದಿನಗೂಲಿಯವನ ಮನೆ ಬಾಗಿಲಲ್ಲಿ ನಿಂತು ಕರೆದ ಯಾವ ಕಾರ್ಯಕರ್ತನಿಗೂ ಗೊತ್ತು, ಅವನು ಬರ್ತೀನಿ ಅನ್ನೋ ಮೊದಲು ಒಂದ್ಸಲ ಒಲೆ ಕಡೆ ತಿರುಗಿ ನೋಡ್ತಾನೆ.

1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಉತ್ತರದ ಕ್ಲಬ್ಬುಗಳು ಬೇರೆಯಾದವು. ಮೊದಲ ವರ್ಷ 22 ತಂಡ ಆಡಿದವು. ಕೂಲಿ ನಷ್ಟಕ್ಕೆ ದಿನಕ್ಕೆ 6 ಶಿಲಿಂಗ್ ವರೆಗೆ ಕೊಡಬಹುದು ಅಂತ ತೀರ್ಮಾನ. ಅಷ್ಟೇ ಕಣ್ರೀ ಇವರ ಅಪರಾಧ.

ಸಿಕ್ಕ ಶಿಕ್ಷೆ ಬಹಿಷ್ಕಾರ. ಲೀಗ್ ಆಡಿದವನು ಯೂನಿಯನ್ ಮೈದಾನಕ್ಕೆ ಮತ್ತೆ ಕಾಲಿಡುವ ಹಾಗಿಲ್ಲ. ದಶಕಗಳ ಕಾಲ, ಒಂದು ಪೈಸೆ ಮುಟ್ಟದೆ ಆಡಿದರೂ ಅವನು ಮೈಲಿಗೆಯೇ. ಯುದ್ಧಕಾಲದಲ್ಲಿ ಕೊಟ್ಟ ವಿನಾಯಿತಿ ಬಿಟ್ಟರೆ, 1995ರಲ್ಲಿ ಯೂನಿಯನ್ ತಾನೇ ಬಹಿರಂಗವಾಗಿ ದುಡ್ಡಿನ ಆಟ ಆಗೋವರೆಗೆ ಇದು ನಡೀತು. ಸರಿಯಾಗಿ ನೂರು ವರ್ಷ! ಬ್ರಿಟಿಷ್ ಸೇನೆ ಲೀಗನ್ನು ಅಧಿಕೃತ ಆಟ ಅಂತ ಒಪ್ಪಿದ್ದು 1994ರಲ್ಲಿ. ಸಾಮ್ರಾಜ್ಯದ ಪಲ್ಟನ್ನು, ಶಾಲೆ, ಕಾಲೇಜು ಎಲ್ಲಾ ಯೂನಿಯನ್ ಕೈಯಲ್ಲಿ ಇರುವಾಗ ಲೀಗ್ ಯಾವ ಹಡಗು ಹತ್ತಿ ಜಗತ್ತು ಸುತ್ತಬೇಕಿತ್ತು?

ಫ್ರಾನ್ಸಿನ ಕತೆ ಇನ್ನೂ ಕೆಟ್ಟದ್ದು. ಅಲ್ಲಿ 1934ರಲ್ಲಿ ಶುರುವಾದ ಲೀಗ್ ಬಲು ಬೇಗ ಬೆಳೀತು. ನಾಜಿಗಳ ಜೊತೆ ಕೈಜೋಡಿಸಿದ ವಿಶಿ ಸರ್ಕಾರ 1941ರ ಡಿಸೆಂಬರಿನಲ್ಲಿ ಆಜ್ಞೆ ಹೊರಡಿಸಿ ಲೀಗ್ ಸಂಸ್ಥೆಯನ್ನು ಮುಚ್ಚಿಸಿತು, ಆಸ್ತಿ ಕಿತ್ತುಕೊಂಡಿತು. ಯುದ್ಧ ಮುಗಿದ ಮೇಲೂ ದಶಕಗಟ್ಟಲೆ ರಗ್ಬಿ ಅನ್ನೋ ಹೆಸರು ಇವರಿಗೆ ದಕ್ಕಲಿಲ್ಲ, 'ಹದಿಮೂರರ ಆಟ' ಅಂತ ಕರೆಸಿಕೊಂಡರು. ಹೆಸರನ್ನೂ ಕಿತ್ತುಕೊಳ್ಳೋದು! ಇಷ್ಟಾದರೂ ರಗ್ಬಿಯ ಮೊದಲ ವಿಶ್ವಕಪ್ ನಡೆದದ್ದು 1954ರಲ್ಲಿ, ಅದೇ ಫ್ರಾನ್ಸಿನಲ್ಲಿ, ಅದು ಲೀಗಿನದು. ಯೂನಿಯನ್ನಿನವರ ವಿಶ್ವಕಪ್ ಬಂದದ್ದು 1987ಕ್ಕೆ.

ಇನ್ನು ಫುಟ್ಬಾಲ್. ಅದರ ಸಾಹೇಬರು ಮನಸ್ಸು ದೊಡ್ಡದು ಅಂತ ನಾನು ಹೇಳಲ್ಲ, ಆದರೆ ಲೆಕ್ಕ ಬಲ್ಲವರು. 1883ರಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಅನ್ನೋ ಗಿರಣಿ ಊರಿನ ತಂಡ, ಈಟನ್ ಶಾಲೆಯ ಹಳೇ ಹುಡುಗರ ತಂಡವನ್ನು ಸೋಲಿಸಿ ಎಫ್‌ಎ ಕಪ್ ತಗೊಂಡು ಉತ್ತರಕ್ಕೆ ಹೋಯ್ತು. ಎರಡೇ ವರ್ಷಕ್ಕೆ, 1885ರಲ್ಲಿ, ಆಟಗಾರನಿಗೆ ದುಡ್ಡು ಕೊಡೋದನ್ನು ಎಫ್‌ಎ ಒಪ್ಪಿತು. ಮನೆ ಒಡೆಯಲಿಲ್ಲ. ಒಂದೇ ನಿಯಮದ ಪುಸ್ತಕ ಹಿಡಿದು ನಾವಿಕರು, ಗುಮಾಸ್ತರು, ರೈಲ್ವೆಯವರು ಜಗತ್ತು ತಿರುಗಿದರು. ಉರುಗ್ವೆಯ ಪೆನ್ಯರೋಲ್ ಕ್ಲಬ್ಬಿನ ಬೇರು 1891ರಲ್ಲಿ ರೈಲ್ವೆಯವರು ಕಟ್ಟಿದ ಕ್ಲಬ್ಬಿನಲ್ಲಿದೆ. ಚಿಂದಿ ಸುತ್ತಿ ಚೆಂಡು ಮಾಡಿದರೂ ಆಡಬಹುದಾದ ಆಟ, ಬಡವರ ಕೇರಿಗೆ ಹೊಂದಿಕೊಳ್ತು. ಬೆಂಗಳೂರಿನ ಹಲಸೂರು ಪಕ್ಕದ ಗೌತಮಪುರಕ್ಕೆ ಹೋಗಿ ನೋಡಿ. ಬುದ್ಧ, ಬಾಬಾಸಾಹೇಬ್, ಮದರ್ ತೆರೇಸಾ ಪ್ರತಿಮೆಗಳ ಜೊತೆ ಪೆಲೆ ಪ್ರತಿಮೆ ನಿಂತಿದೆ. ಅದನ್ನು ನೋಡಿದಾಗೆಲ್ಲ ನನಗೆ ಖುಷಿ.

ಎರಡು ಆಟಗಳ ಈ ಜಗಳದ ಮೂಲ ನೋಡಬೇಕಂದ್ರೆ ಬ್ರಾಡ್‌ಫರ್ಡ್ ಊರಿಗೆ ಹೋಗಬೇಕು. ಅಲ್ಲಿನ ಮ್ಯಾನಿಂಗ್‌ಹ್ಯಾಮ್ ಗಿರಣಿಯಲ್ಲಿ ಕೂಲಿ ಕಡಿತದ ವಿರುದ್ಧ 1890–91ರ ಚಳಿಗಾಲದಲ್ಲಿ ದೊಡ್ಡ ಮುಷ್ಕರ ನಡೀತು. ಕಾರ್ಮಿಕರು ಸೋತರು. ಆದರೆ ಆ ಸೋಲಿನ ಬಿಸಿಯಲ್ಲೇ 1893ರಲ್ಲಿ ಅದೇ ಊರಲ್ಲಿ ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಹುಟ್ಟಿತು. ಮೂರು ವರ್ಷದ ಮೇಲೆ, 1896ರಲ್ಲಿ, ಹೊಸ ರಗ್ಬಿ ಸಂಘದ ಮೊಟ್ಟಮೊದಲ ಚಾಂಪಿಯನ್ ಯಾರು? ಇದೇ ಮ್ಯಾನಿಂಗ್‌ಹ್ಯಾಮ್ ಕ್ಲಬ್. ಮುಂದಿನದು ಕೇಳಿ. ಕೈಯಲ್ಲಿ ಕಾಸಿಲ್ಲದೆ ಸೊರಗಿದ ಆ ಕ್ಲಬ್ 1903ರಲ್ಲಿ ರಗ್ಬಿಯನ್ನೇ ಬಿಟ್ಟು ಫುಟ್ಬಾಲಿಗೆ ಹೋಯ್ತು, ಬ್ರಾಡ್‌ಫರ್ಡ್ ಸಿಟಿ ಅಂತ ಹೆಸರು ಬದಲಿಸಿಕೊಂಡಿತು. ಒಂದು ಪಂದ್ಯವನ್ನೂ ಆಡದ ತಂಡವನ್ನು ಫುಟ್ಬಾಲ್ ಲೀಗಿನವರು ಕರೆದು ಕೂರಿಸಿಕೊಂಡರು, ಯಾಕಂದ್ರೆ ರಗ್ಬಿಯ ಕೋಟೆಯೊಳಗೆ ಅವರಿಗೊಂದು ಬಾಗಿಲು ಬೇಕಿತ್ತು. 1911ಕ್ಕೆ ಆ ತಂಡ ಎಫ್‌ಎ ಕಪ್ಪನ್ನೂ ಗೆದ್ದಿತು. ಊರಿನ ಇನ್ನೊಂದು ಕ್ಲಬ್ 1907ರಲ್ಲಿ ಅದೇ ದಾರಿ ಹಿಡಿದಾಗ ಸಿಟ್ಟಾದ ಸದಸ್ಯರು ಹೊರಬಂದು ಬ್ರಾಡ್‌ಫರ್ಡ್ ನಾರ್ದರ್ನ್ ಅಂತ ಲೀಗ್ ತಂಡ ಕಟ್ಟಿದರು. ಅವರ ಆಡ್ಸಲ್ ಮೈದಾನದಲ್ಲಿ 1954ರ ಒಂದು ಫೈನಲ್ ಮರುಪಂದ್ಯ ನೋಡೋಕೆ ಲೆಕ್ಕಕ್ಕೆ ಸಿಕ್ಕ ಜನವೇ 1,02,569. ಈ ಆಟಕ್ಕೆ ಜನ ಇರಲಿಲ್ಲ ಅಂತ ಯಾರಾದರೂ ಹೇಳಿದರೆ ಈ ಸಂಖ್ಯೆ ತೋರಿಸಿ.

ಜನ ಇದ್ದರೆ ಸಾಕಾ? ಸಾಲದು. ಹೆಣ್ಣುಮಕ್ಕಳ ಫುಟ್ಬಾಲನ್ನೇ ನೋಡಿ. 1920ರ ಡಿಸೆಂಬರಿನಲ್ಲಿ ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಡಿಕ್ ಕೆರ್ ಕಾರ್ಖಾನೆಯ ಹೆಣ್ಣುಮಕ್ಕಳ ಪಂದ್ಯಕ್ಕೆ ಸುಮಾರು 53,000 ಜನ. ಮರುವರ್ಷವೇ ಎಫ್‌ಎ ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳಲ್ಲಿ ಅವರು ಆಡೋದನ್ನು ನಿಷೇಧಿಸಿತು. ಅರ್ಧ ಶತಮಾನ ಬಾಗಿಲು ಹಾಕಿತ್ತು. 2023ರಲ್ಲಿ ಆಸ್ಟ್ರೇಲಿಯಾದ ಹೆಣ್ಣುಮಕ್ಕಳು ವಿಶ್ವಕಪ್ ಸೆಮಿಫೈನಲ್ ಆಡಿದಾಗ ಆ ದೇಶದಲ್ಲಿ ಟೀವಿ ಮುಂದೆ ಕೂತವರು ಸರಾಸರಿ 70 ಲಕ್ಷಕ್ಕೂ ಹೆಚ್ಚು. ಸಿಡ್ನಿಯ ಲೀಗ್ ಅಭಿಮಾನಿಗಳು ಆ ವಾರ ಸ್ವಲ್ಪ ಮೆತ್ತಗಾಗಿದ್ದರೆ ಆಶ್ಚರ್ಯವಿಲ್ಲ.

ಒಂದು ಎಚ್ಚರಿಕೆ. ಲೀಗಿನವರ ಬಹಿಷ್ಕಾರವೂ ನಮ್ಮ ಅಸ್ಪೃಶ್ಯತೆಯೂ ಒಂದೇ ಅಂತ ನಾನು ಹೇಳ್ತಿಲ್ಲ. ಗಣಿ ಕಾರ್ಮಿಕ ಯಾವ ಆಟ ಆಡಬೇಕು ಅಂತ ತಾನೇ ಆರಿಸಿಕೊಂಡ. ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲು ತನ್ನ ಜಾತಿಯನ್ನು ಆರಿಸಿಕೊಂಡಿರಲಿಲ್ಲ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 100ಕ್ಕೂ ಹೆಚ್ಚು ವಿಕೆಟ್ ಕಿತ್ತ ಬೌಲರ್ ಅವರು. ಪುಣೆಯಲ್ಲಿ ಅವರ ಬೌಲಿಂಗ್ ಬೇಕಿತ್ತು, ಟೀ ಮಾತ್ರ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. ಹಿಂದೂಸ್ ತಂಡದ ನಾಯಕತ್ವ ಅವರಿಗೆ ಕೊನೆಗೂ ಕೊಡಲಿಲ್ಲ. ತಮ್ಮ ವಿಠ್ಠಲ್ ನಾಯಕರಾದದ್ದು 1923ರಲ್ಲಿ, ಅದೂ ಜಗಳ ಆಡಿ ಪಡೆದದ್ದು.

ಹಾಗಾಗಿ ಆಟ ಯಾವುದೇ ಇರಲಿ, ನನ್ನ ಕಣ್ಣು ಮೊದಲು ಹೋಗೋದು ಯಾರನ್ನು ನಾಯಕ ಮಾಡಿದರು ಅನ್ನೋ ಕಡೆ. ಕ್ಲೈವ್ ಸಲಿವನ್ ಅನ್ನೋ ಕಪ್ಪು ಹುಡುಗ ಕಾರ್ಡಿಫ್‌ನವನು. ಉತ್ತರದ ಹಲ್ ಊರಿಗೆ ಹೋಗಿ ಲೀಗ್ ಆಡಿದ, 1972ರಲ್ಲಿ ಗ್ರೇಟ್ ಬ್ರಿಟನ್ ತಂಡದ ನಾಯಕನಾದ, ಆ ವರ್ಷ ವಿಶ್ವಕಪ್ಪನ್ನೂ ಎತ್ತಿದ. ಇಂಗ್ಲೆಂಡ್ ಫುಟ್ಬಾಲ್ ತಂಡಕ್ಕೆ ಒಬ್ಬ ಕಪ್ಪು ಆಟಗಾರ ಬರೋದೇ 1978ರಲ್ಲಿ, ವಿವ್ ಆಂಡರ್ಸನ್. ಕಪ್ಪು ನಾಯಕ ಬಂದದ್ದು 1993ರಲ್ಲಿ, ಪಾಲ್ ಇನ್ಸ್. 211 ದೇಶ ಅಂತ ಎದೆ ತಟ್ಟೋರು ಈ 21 ವರ್ಷದ ಅಂತರಕ್ಕೆ ಉತ್ತರ ಕೊಡಲಿ. ಆಸ್ಟ್ರೇಲಿಯಾದಲ್ಲೂ ಅಷ್ಟೇ, ಮೂಲನಿವಾಸಿಯೊಬ್ಬ ಯಾವುದೇ ಆಟದಲ್ಲಿ ದೇಶದ ತಂಡವನ್ನು ಮೊದಲ ಸಲ ಮುನ್ನಡೆಸಿದ್ದು ಲೀಗಿನಲ್ಲಿ, 1973ರಲ್ಲಿ ಆರ್ಥರ್ ಬೀಟ್ಸನ್.

ಹಾಗಂತ ಲೀಗಿನವರೇನೂ ಸಾಚಾ ಅಲ್ಲ. ಸಲಿವನ್‌ಗಿಂತ ಮೊದಲಿನ ಬಿಲ್ಲಿ ಬಾಸ್ಟನ್ ಕತೆ ಕೇಳಿ. ಅವರೂ ಕಾರ್ಡಿಫ್ ಬಂದರಿನ ಟೈಗರ್ ಬೇ ಕೇರಿಯವರು, ಸಿಯೆರಾ ಲಿಯೋನ್‌ನಿಂದ ಬಂದ ನಾವಿಕನ ಮಗ. ವಿಗನ್ ತಂಡದಲ್ಲಿ ಟ್ರೈ ಮೇಲೆ ಟ್ರೈ ಹೊಡೆದು ದಂತಕತೆ ಆದವರು. 1957ರಲ್ಲಿ ವಿಶ್ವಕಪ್ ಮುಗಿಸಿದ ಬ್ರಿಟನ್ ತಂಡ ದಕ್ಷಿಣ ಆಫ್ರಿಕಾದಲ್ಲಿ ಪ್ರದರ್ಶನ ಪಂದ್ಯ ಆಡೋಕೆ ಹೋಯ್ತು. ಅಲ್ಲಿ ವರ್ಣಭೇದದ ಕಾನೂನು. ಬಾಸ್ಟನ್ ಒಬ್ಬರು ಬೇರೆಯಾಗಿ ಮನೆಗೆ ಮರಳಿದರು, ತಂಡ ಅವರನ್ನು ಬಿಟ್ಟು ಆಡಿತು.

2025ರ ಜೂನಿನಲ್ಲಿ ಬಾಸ್ಟನ್‌ಗೆ ನೈಟ್ ಪದವಿ ಸಿಕ್ಕಿತು, ಆಗ ಅವರಿಗೆ 90 ವರ್ಷ. ಹಡರ್ಸ್‌ಫೀಲ್ಡ್ ಸಭೆ ನಡೆದು 130 ವರ್ಷಕ್ಕೆ ರಗ್ಬಿ ಲೀಗ್ ಆಟಗಾರನೊಬ್ಬನಿಗೆ ಸಿಕ್ಕ ಮೊದಲ 'ಸರ್' ಅದು. ಫುಟ್ಬಾಲಿನ ಸ್ಟ್ಯಾನ್ಲಿ ಮ್ಯಾಥ್ಯೂಸ್‌ಗೆ 1965ರಲ್ಲೇ, ಇನ್ನೂ ಆಟ ನಿಲ್ಲಿಸೋ ಮೊದಲೇ ಸಿಕ್ಕಿತ್ತು.