ಏಪ್ರಿಲ್‌ನಲ್ಲಿ ತೆರೆಯುವ ಶಾಲೆ: ಜಪಾನಿನ ಪ್ರಾಥಮಿಕ ಶಾಲೆಗಳ ವಸಂತದ ಇತಿಹಾಸ

ಜಪಾನಿನಲ್ಲಿ ಪ್ರಾಥಮಿಕ ಶಾಲೆಯ ವರ್ಷ ಏಪ್ರಿಲ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮಾರ್ಚ್‌ ತಿಂಗಳ ಉತ್ತರಾರ್ಧದಲ್ಲಿ ಆರನೆಯ ತರಗತಿಯವರ ಬೀಳ್ಕೊಡುಗೆ ನಡೆಯುತ್ತದೆ. ಆಮೇಲೆ ಸುಮಾರು ಎರಡು ವಾರ ವಸಂತದ ರಜೆ. ಏಪ್ರಿಲ್ ಮೊದಲ ಭಾಗದಲ್ಲೇ ಒಂದನೆಯ ತರಗತಿಗೆ ಸೇರುವ ಮಕ್ಕಳ ಪ್ರವೇಶ ಸಮಾರಂಭ. ಚೆರಿ ಹೂವು ಅರಳುವ ಹೊತ್ತಿಗೂ ಶಾಲೆ ತೆರೆಯುವ ಹೊತ್ತಿಗೂ ಇರುವ ಈ ಹೊಂದಾಣಿಕೆ ಆ ದೇಶದ ಪುರಾತನ ಸಂಪ್ರದಾಯವೆಂದೇ ತೋರುತ್ತದೆ. ಆದರೆ ಇಡೀ ದೇಶದ ಪ್ರಾಥಮಿಕ ಶಾಲೆಗಳಿಗೆ ಏಪ್ರಿಲ್ ಆರಂಭವನ್ನು ನಿಯಮವಾಗಿ ಗೊತ್ತುಮಾಡಿದ್ದು 1900ರಲ್ಲಿ. ಅದನ್ನು ಗೊತ್ತುಮಾಡಿಸಿದ್ದು ಹೂವಲ್ಲ, ಸರ್ಕಾರದ ಲೆಕ್ಕಪತ್ರ ಮತ್ತು ಸೈನ್ಯದ ಪಟ್ಟಿ.

ಎದೋ ಕಾಲದಲ್ಲಿ (1603–1868) ಸಾಮಾನ್ಯ ಜನರ ಮಕ್ಕಳು ಓದುಬರಹ ಕಲಿಯುತ್ತಿದ್ದುದು ‘ತೆರಕೋಯ’ಗಳಲ್ಲಿ. ಒಬ್ಬ ಅರ್ಚಕ, ಕೆಲಸವಿಲ್ಲದ ಸಮುರಾಯ್, ವೈದ್ಯ ಅಥವಾ ಊರಿನ ಮುಖಂಡ ತನ್ನ ಮನೆಯಲ್ಲೋ ದೇವಾಲಯದಲ್ಲೋ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ, ಪತ್ರಬರಹ, ಮಣಿಚೌಕಟ್ಟಿನ ಲೆಕ್ಕ ಹೇಳಿಕೊಡುತ್ತಿದ್ದ. ಕರ್ನಾಟಕದ ಕೂಲಿಮಠಗಳಂತೆ ಇಲ್ಲಿಯೂ ಗುರುವಿನ ಜೀವನ ನಡೆಯುತ್ತಿದ್ದುದು ಪೋಷಕರು ಕೊಟ್ಟ ಕಾಣಿಕೆಯಿಂದ. ತರಗತಿ ಎಂಬ ವಿಭಾಗವೇ ಇರಲಿಲ್ಲ. ಪ್ರತಿ ಮಗುವಿಗೂ ಗುರು ಬೇರೆ ಬೇರೆ ಮೇಲ್ಪಂಕ್ತಿ ಬರೆದುಕೊಡುತ್ತಿದ್ದ. ಮಗು ಮನೆಯಿಂದ ತಂದ ಪುಟ್ಟ ಮೇಜಿನ ಮುಂದೆ ಕುಳಿತು ಅದನ್ನು ಕುಂಚದಿಂದ ತಿದ್ದುತ್ತಿತ್ತು. ಕಾಗದ ದುಬಾರಿಯಾದ್ದರಿಂದ ಒಂದೇ ಹಾಳೆಯ ಮೇಲೆ ಅದು ಪೂರ್ತಿ ಕಪ್ಪಾಗುವವರೆಗೂ ಬರೆಯುವುದು ರೂಢಿ.

ತೆರಕೋಯಕ್ಕೆ ಸೇರಲು ಕಟ್ಟುನಿಟ್ಟಿನ ದಿನವಿರಲಿಲ್ಲ. ಆರರಿಂದ ಎಂಟು ವರ್ಷದೊಳಗೆ ಮನೆಯವರ ಅನುಕೂಲ ನೋಡಿ ಮಗುವನ್ನು ಕರೆತರುತ್ತಿದ್ದರು. ಚಾಂದ್ರಮಾನದ ಎರಡನೆಯ ತಿಂಗಳಿನ ಮೊದಲ ‘ಕುದುರೆ ದಿನ’ ಶುಭವೆಂದು ಬಹಳ ಕಡೆ ಆ ದಿನವನ್ನೇ ಆರಿಸಿಕೊಳ್ಳುತ್ತಿದ್ದರು. ಅದು ವಸಂತ ಇನ್ನೂ ಕಾಲಿಡುತ್ತಿರುವ ಹೊತ್ತು. ವಿದ್ಯೆಯ ಅಧಿದೇವತೆ ತೆಂಜಿನ್. ಒಂಬತ್ತನೆಯ ಶತಮಾನದ ವಿದ್ವಾಂಸ ಸುಗವಾರ ನೋ ಮಿಚಿಜಾನೆ ಸತ್ತ ಮೇಲೆ ಈ ಹೆಸರಿನಲ್ಲಿ ಪೂಜೆ ಪಡೆದ. ಅವನಿಗೆ ಪ್ರಿಯವಾದದ್ದು ಚಳಿ ಕಳೆಯುವ ಮೊದಲೇ ಅರಳುವ ಪ್ಲಮ್ ಹೂವು. ತೆಂಜಿನ್ ಗುಡಿಗಳ ಅಂಗಳದಲ್ಲಿ ಇಂದಿಗೂ ಅದೇ ಮರಗಳಿವೆ. ಹೀಗೆ ಹಳೆಯ ಕಾಲದಲ್ಲಿ ವಿದ್ಯೆಯ ಜೊತೆ ಸೇರಿಕೊಂಡಿದ್ದ ಹೂವು ಚೆರಿಯಲ್ಲ, ಪ್ಲಮ್.

ಎದೋ ಕಾಲ ಮುಗಿದ ಮೇಲೆ ಬಂದ ಮೇಯಿಜಿ ಸರ್ಕಾರ 1872ರಲ್ಲಿ ಹೊರಡಿಸಿದ ಶಿಕ್ಷಣ ಶಾಸನ ಈ ಸಡಿಲ ವ್ಯವಸ್ಥೆಯನ್ನು ಬದಲಿಸಹೊರಟಿತು. ದೇಶವನ್ನು 8 ವಿಶ್ವವಿದ್ಯಾಲಯ ವಲಯಗಳಾಗಿ, ಒಂದೊಂದನ್ನು 32 ಮಾಧ್ಯಮಿಕ ವಲಯಗಳಾಗಿ, ಅದರಲ್ಲಿ ಒಂದೊಂದನ್ನು 210 ಪ್ರಾಥಮಿಕ ವಲಯಗಳಾಗಿ ಹಂಚಿ, ಒಟ್ಟು 53,760 ಪ್ರಾಥಮಿಕ ಶಾಲೆಗಳನ್ನು ತೆರೆಯುವ ಯೋಜನೆ ಅದು. ಅಷ್ಟು ಶಾಲೆಗಳು ಆಗಲೇ ಇಲ್ಲ. ಕಟ್ಟಡ ಮತ್ತು ಸಂಬಳದ ಹೊರೆ ಬಹುಪಾಲು ಊರಿನವರ ಮೇಲೆ ಬಿತ್ತು, ಮೇಲಿಂದ ಶುಲ್ಕವೂ ಇತ್ತು. ಹೊಲಗದ್ದೆಯ ಕೆಲಸಕ್ಕೆ ಬೇಕಾದ ಮಕ್ಕಳನ್ನು ದುಡ್ಡು ಕೊಟ್ಟು ಶಾಲೆಗೆ ಕಳಿಸುವುದು ರೈತರಿಗೆ ಒಪ್ಪಿಗೆಯಾಗಲಿಲ್ಲ. 1873ರಲ್ಲಿ ಕಡ್ಡಾಯ ಸೈನ್ಯಸೇವೆಯ ವಿರುದ್ಧವೂ ಸಿಟ್ಟು ಸೇರಿಕೊಂಡು ಪಶ್ಚಿಮ ಜಪಾನಿನ ಹಲವು ಕಡೆ ದಂಗೆಯೆದ್ದಾಗ ಶಾಲೆಗಳಿಗೂ ಬೆಂಕಿ ಬಿತ್ತು.

ಆಗಿನ ಶಾಲೆಯಲ್ಲಿ ಒಂದೊಂದು ದರ್ಜೆಯೂ ಆರು ತಿಂಗಳಿನದು. ನಾಲ್ಕು ವರ್ಷದ ಕೆಳ ಪ್ರಾಥಮಿಕ ಹಂತದಲ್ಲಿ ಎಂಟು ದರ್ಜೆಗಳು, ಪ್ರತಿಯೊಂದರ ಕೊನೆಗೂ ಪರೀಕ್ಷೆ. ತೇರ್ಗಡೆಯಾದ ಮಗು ಮೇಲಿನ ದರ್ಜೆಗೆ ಹೋಗುತ್ತಿತ್ತು, ಆಗದಿದ್ದದ್ದು ಅಲ್ಲಿಯೇ ಉಳಿಯುತ್ತಿತ್ತು. ಪರೀಕ್ಷೆ ಊರಿಗೆಲ್ಲ ದೊಡ್ಡ ಸಂಗತಿ. ಅಧಿಕಾರಿಗಳು ಬಂದು ಕೂರುತ್ತಿದ್ದರು, ಪೋಷಕರು ನೋಡಲು ಸೇರುತ್ತಿದ್ದರು. ವರ್ಷದಲ್ಲಿ ಎರಡು ಸಲ ದರ್ಜೆ ಮುಗಿಯುತ್ತಿದ್ದುದರಿಂದಲೂ ಮಕ್ಕಳು ಸೇರುವ ದಿನ ಊರಿಂದೂರಿಗೆ ಬೇರೆಯಾಗಿದ್ದುದರಿಂದಲೂ ಎಲ್ಲರಿಗೂ ಒಂದೇ ಆದ ವರ್ಷಾರಂಭ ಇರಲಿಲ್ಲ. ಪಾಶ್ಚಾತ್ಯ ಮಾದರಿಯ ಉನ್ನತ ಶಿಕ್ಷಣ ಸಂಸ್ಥೆಗಳು ಮಾತ್ರ ಸೆಪ್ಟೆಂಬರ್‌ನಲ್ಲಿ ತೆರೆಯುತ್ತಿದ್ದವು.

ಏಪ್ರಿಲ್‌ನ ಮೂಲ ಖಜಾನೆಯಲ್ಲಿದೆ. 1873ರ ಭೂಕಂದಾಯ ಸುಧಾರಣೆಯಿಂದ ರೈತರು ಭತ್ತದ ಬದಲು ಹಣದಲ್ಲಿ ಕಂದಾಯ ಕಟ್ಟಬೇಕಾಯಿತು. ಆ ಹಣ ಖಜಾನೆಗೆ ಸೇರುವ ಹೊತ್ತಿಗೆ ಲೆಕ್ಕದ ವರ್ಷವನ್ನೂ ಹೊಂದಿಸಬೇಕಾಯಿತು. ಸರ್ಕಾರದ ಹಣಕಾಸು ವರ್ಷ ಮೊದಲು ಜನವರಿಗೆ, 1875ರಿಂದ ಜುಲೈಗೆ ಶುರುವಾಗುತ್ತಿತ್ತು. 1884ರಲ್ಲಿ ಆದ ತೀರ್ಮಾನದಂತೆ 1886ರಿಂದ ಅದು ಏಪ್ರಿಲ್‌ಗೆ ಬಂತು. ಊರಿನ ಶಾಲೆಗೆ ಹಣ ಬರುತ್ತಿದ್ದುದು ಸ್ಥಳೀಯ ಆಯವ್ಯಯದಿಂದ. ಆಯವ್ಯಯ ಏಪ್ರಿಲ್‌ಗೆ, ಶಾಲೆ ಬೇರೆ ತಿಂಗಳಿಗೆ ಎಂದಾದರೆ ಮೇಷ್ಟರ ಸಂಬಳ, ಹೊಸ ಕೊಠಡಿ, ಪುಸ್ತಕ ಯಾವುದರ ಲೆಕ್ಕವೂ ಸರಿಹೋಗುವುದಿಲ್ಲ. ಭಾರತದಲ್ಲೂ 1867ರಿಂದ ಹಣಕಾಸು ವರ್ಷ ಏಪ್ರಿಲ್ 1ಕ್ಕೇ ಶುರುವಾಗುತ್ತಿದೆ. ಆದರೆ ಕರ್ನಾಟಕದ ಶಾಲೆಗಳು ಬೇಸಿಗೆ ರಜೆ ಮುಗಿಸಿ ಮುಂಗಾರಿನ ಹೊತ್ತಿಗೆ ತೆರೆಯುವ ಕ್ರಮವನ್ನೇ ಉಳಿಸಿಕೊಂಡವು. ಜಪಾನಿನ ಏಪ್ರಿಲ್ ತಂಪಾದ ತಿಂಗಳಾದ್ದರಿಂದ ಅಲ್ಲಿ ಆ ಅಡ್ಡಿ ಇರಲಿಲ್ಲ.

ಎರಡನೆಯ ಕಾರಣ ಸೈನ್ಯ. 1886ರಲ್ಲಿ ಕಡ್ಡಾಯ ಸೈನ್ಯಸೇವೆಗೆ ಹೆಸರು ಕೊಡುವ ಗಡುವನ್ನು ಸೆಪ್ಟೆಂಬರ್‌ನಿಂದ ಏಪ್ರಿಲ್‌ಗೆ ಬದಲಿಸಲಾಯಿತು. ಸೆಪ್ಟೆಂಬರ್‌ವರೆಗೆ ಕಾದರೆ ಒಳ್ಳೆಯ ಮೈಕಟ್ಟಿನ ತರುಣರನ್ನು ಸೈನ್ಯ ಮೊದಲೇ ಸೆಳೆದುಕೊಳ್ಳುತ್ತದೆ ಎಂಬ ಆತಂಕ ಶಿಕ್ಷಕರ ತರಬೇತಿ ಸಂಸ್ಥೆಗಳಿಗಿತ್ತು. ಮೊದಲ ಶಿಕ್ಷಣ ಸಚಿವ ಮೋರಿ ಅರಿನೋರಿಯ ಕಾಲದಲ್ಲಿ, ಅದೇ ವರ್ಷ ಟೋಕಿಯೋದ ಉನ್ನತ ಶಿಕ್ಷಕರ ಶಾಲೆ ಏಪ್ರಿಲ್ ಆರಂಭಕ್ಕೆ ಒಪ್ಪಿತು. ಪ್ರಾಂತಗಳ ಶಿಕ್ಷಕರ ಶಾಲೆಗಳು ಅದನ್ನು ಹಿಂಬಾಲಿಸಿದವು. ಅಲ್ಲಿಂದ ಮಾರ್ಚ್‌ನಲ್ಲಿ ಹೊರಬಿದ್ದ ಮೇಷ್ಟರುಗಳು ಏಪ್ರಿಲ್‌ಗೆ ಕೆಲಸಕ್ಕೆ ಸಿಗುತ್ತಿದ್ದರು. ಪ್ರಾಥಮಿಕ ಶಾಲೆಗಳು ಒಂದೊಂದಾಗಿ ಆ ದಾರಿಗೆ ಬಂದವು. 1900ರ ಪ್ರಾಥಮಿಕ ಶಾಲಾ ನಿಯಮ ಏಪ್ರಿಲ್ 1ರಿಂದ ಮಾರ್ಚ್ 31 ಎಂದು ಎಲ್ಲರಿಗೂ ಗೊತ್ತುಮಾಡಿತು. ಸಾಮ್ರಾಜ್ಯದ ವಿಶ್ವವಿದ್ಯಾಲಯಗಳು ಸೆಪ್ಟೆಂಬರ್ ಬಿಟ್ಟು ಏಪ್ರಿಲ್‌ಗೆ ಬಂದದ್ದು 1921ರಲ್ಲಿ. ಹೀಗೆ ಮಕ್ಕಳ ಶಾಲೆ ವಿಶ್ವವಿದ್ಯಾಲಯಕ್ಕಿಂತ ಇಪ್ಪತ್ತು ವರ್ಷ ಮುಂಚೆ ಬದಲಾಗಿತ್ತು.

ಅದೇ 1900ರಲ್ಲಿ ಇನ್ನೆರಡು ಬದಲಾವಣೆಗಳಾದವು. ನಾಲ್ಕು ವರ್ಷದ ಕಡ್ಡಾಯ ಶಿಕ್ಷಣಕ್ಕೆ ಶುಲ್ಕ ತೆಗೆದುಹಾಕುವುದು ತತ್ವವಾಯಿತು. ತೇರ್ಗಡೆಗೆ ಪರೀಕ್ಷೆ ಬೇಡ, ವರ್ಷವಿಡೀ ಮಗು ಕಲಿತದ್ದನ್ನು ನೋಡಿ ಮೇಷ್ಟರೇ ನಿರ್ಧರಿಸಲಿ ಎಂದಾಯಿತು. 1902ರ ಹೊತ್ತಿಗೆ ದಾಖಲಾತಿ ಶೇಕಡಾ 90ನ್ನು ದಾಟಿತು. 1907ರಲ್ಲಿ ಕಡ್ಡಾಯ ಶಿಕ್ಷಣ ಆರು ವರ್ಷಕ್ಕೆ ವಿಸ್ತರಿಸಿತು. ಪರೀಕ್ಷೆಯಲ್ಲಿ ಒಬ್ಬೊಬ್ಬರೇ ಮುಂದೆ ಹೋಗುವ ಪದ್ಧತಿ ಹೋಗಿ ಒಂದೇ ವಯಸ್ಸಿನವರೆಲ್ಲ ಒಟ್ಟಿಗೆ ಸೇರಿ ಒಟ್ಟಿಗೆ ಬಿಡುವ ಪದ್ಧತಿ ಬಂದಾಗ, ಹಿಂದೆ ಪರೀಕ್ಷೆಗಿದ್ದ ಗಾಂಭೀರ್ಯವೆಲ್ಲ ಸಮಾರಂಭಗಳಿಗೆ ಬಂತು.

ಬೀಳ್ಕೊಡುಗೆ ಹುಟ್ಟಿದ್ದೇ ಪರೀಕ್ಷೆಯ ಬಾಲವಾಗಿ, ಅಂದರೆ ತೇರ್ಗಡೆಯಾದವರಿಗೆ ಪ್ರಮಾಣಪತ್ರ ಹಂಚುವ ಸಭೆಯಾಗಿ. ಇಂದಿಗೂ ಅದರ ತಿರುಳು ಅದೇ. ಹೆಸರು ಕೂಗಿದಾಗ ಮಗು ‘ಹಾಯ್’ ಎಂದು ಓಗೊಟ್ಟು, ವೇದಿಕೆ ಹತ್ತಿ, ಮೊದಲು ಒಂದು ಕೈ, ಆಮೇಲೆ ಇನ್ನೊಂದು ಕೈ ಚಾಚಿ ಪತ್ರ ಹಿಡಿದು, ತಲೆಬಾಗಿ ಇಳಿಯುತ್ತದೆ. ಇದಕ್ಕಾಗಿ ಶಾಲೆಗಳಲ್ಲಿ ದಿನಗಟ್ಟಲೆ ತಾಲೀಮು ನಡೆಯುತ್ತದೆ. ಸಮಾರಂಭದ ಹಳೆಯ ಹಾಡುಗಳೂ ಮೇಯಿಜಿ ಕಾಲದವು. ಶಿಕ್ಷಣಾಧಿಕಾರಿ ಇಸಾವ ಶೂಜಿ ಮತ್ತು ಅಮೆರಿಕದ ಸಂಗೀತ ಶಿಕ್ಷಕ ಲೂಥರ್ ವೈಟಿಂಗ್ ಮೇಸನ್ ಶಾಲಾ ಸಂಗೀತಕ್ಕೆ ಅಡಿಪಾಯ ಹಾಕಿದರು. 1881ರಿಂದ 1884ರವರೆಗೆ ಪ್ರಾಥಮಿಕ ಶಾಲೆಗಳ ಹಾಡಿನ ಪುಸ್ತಕಗಳು ಮೂರು ಭಾಗಗಳಲ್ಲಿ ಬಂದವು. ಅವುಗಳಲ್ಲಿನ ‘ಹೋತಾರು ನೋ ಹಿಕಾರಿ’ಯ ಧಾಟಿ ಸ್ಕಾಟ್ಲೆಂಡಿನದು. ಗುರುಗಳಿಗೆ ಕೃತಜ್ಞತೆ ಹೇಳುವ ‘ಆಓಗೆಬಾ ತೋತೋಶಿ’ಯ ಧಾಟಿ ಎಲ್ಲಿಯದೆಂದು ನೂರಕ್ಕೂ ಹೆಚ್ಚು ವರ್ಷ ಗೊತ್ತಿರಲಿಲ್ಲ. 1871ರಲ್ಲಿ ಅಮೆರಿಕದಲ್ಲಿ ಅಚ್ಚಾದ ಶಾಲಾ ಹಾಡೊಂದು ಅದರ ಮೂಲವೆಂದು 2011ರಲ್ಲಿ ಪತ್ತೆಯಾಯಿತು.

ಪ್ರವೇಶ ಸಮಾರಂಭ ಬೇರೆ ಬಗೆಯದು. ಒಂದನೆಯ ತರಗತಿಯ ಮಕ್ಕಳನ್ನು ಆರನೆಯ ತರಗತಿಯವರು ಕೈಹಿಡಿದು ಸಭಾಂಗಣಕ್ಕೆ ಕರೆತರುವುದು ಬಹಳ ಶಾಲೆಗಳ ರೂಢಿ. ಪೋಷಕರು ಕಪ್ಪು ಅಥವಾ ತಿಳಿ ಬಣ್ಣದ ಔಪಚಾರಿಕ ಉಡುಪಿನಲ್ಲಿ, ಕೆಲವು ತಾಯಂದಿರು ಕಿಮೊನೊದಲ್ಲಿ ಬರುತ್ತಾರೆ. ಮುಖ್ಯೋಪಾಧ್ಯಾಯರ ಮಾತು, ತರಗತಿ ಶಿಕ್ಷಕರ ಪರಿಚಯ, ಪಠ್ಯಪುಸ್ತಕ ವಿತರಣೆ, ಶಾಲೆಯ ಬಾಗಿಲ ಬಳಿ ನಿಲ್ಲಿಸಿದ ಫಲಕದ ಪಕ್ಕ ಫೋಟೊ. ಯಾರು ಯಾವ ವರ್ಷದ ಗುಂಪಿಗೆ ಸೇರಬೇಕೆಂಬುದಕ್ಕೆ ಸೂಕ್ಷ್ಮ ಲೆಕ್ಕವಿದೆ. ಏಪ್ರಿಲ್ 2ರಿಂದ ಮುಂದಿನ ವರ್ಷದ ಏಪ್ರಿಲ್ 1ರವರೆಗೆ ಹುಟ್ಟಿದವರೆಲ್ಲ ಒಂದು ಗುಂಪು. 1902ರ ವಯೋಲೆಕ್ಕದ ಕಾನೂನಿನ ಪ್ರಕಾರ ಹುಟ್ಟುಹಬ್ಬದ ಹಿಂದಿನ ದಿನವೇ ವಯಸ್ಸು ತುಂಬುವುದರಿಂದ ಏಪ್ರಿಲ್ 1ರಂದು ಹುಟ್ಟಿದ ಮಗು ಮಾರ್ಚ್ 31ಕ್ಕೇ ಆರು ತುಂಬಿ ಹಿರಿಯರ ಗುಂಪಿಗೆ ಸೇರುತ್ತದೆ. ಒಂದು ದಿನ ತಡವಾಗಿ ಹುಟ್ಟಿದ್ದು ಇಡೀ ವರ್ಷ ಕಾಯಬೇಕು.

ಚೆರಿ ಈ ಚಿತ್ರಕ್ಕೆ ಬಂದದ್ದು ಆಮೇಲೆ. ಇಂದು ಶಾಲೆಗಳ ಅಂಗಳದಲ್ಲಿ ಹೆಚ್ಚಾಗಿ ಕಾಣುವ ‘ಸೋಮೆಯಿ-ಯೋಶಿನೋ’ ತಳಿ, ಎದೋ ಕಾಲದ ಕೊನೆಯಲ್ಲಿ ಈಗಿನ ಟೋಕಿಯೋದ ಸೋಮೆಯಿ ಎಂಬ ಹಳ್ಳಿಯ ತೋಟಗಾರರಿಂದ ಹರಡಿತು. ಅದಕ್ಕೆ ಈ ಹೆಸರು ಬಂದದ್ದೂ 1900ರಲ್ಲೇ. ಬೀಜದಿಂದಲ್ಲದೆ ಕಸಿಯಿಂದ ಬೆಳೆಸುವುದರಿಂದ ಎಲ್ಲ ಮರಗಳೂ ವಂಶಗುಣದಲ್ಲಿ ಒಂದೇ. ಆದ್ದರಿಂದ ಒಂದು ಊರಿನ ಮರಗಳೆಲ್ಲ ಒಟ್ಟಿಗೆ ಅರಳುತ್ತವೆ. ಎಲೆ ಚಿಗುರುವ ಮೊದಲೇ ಕೊಂಬೆ ತುಂಬ ಹೂವು. ಬೇಗ ಬೆಳೆಯುವ, ನೋಡಲು ಸೊಗಸಾದ ಈ ಮರ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಶಾಲೆ, ಉದ್ಯಾನ, ಸೈನಿಕ ಶಿಬಿರಗಳಲ್ಲೆಲ್ಲ ನೆಡುವ ಮರವಾಯಿತು. ಬಣ್ಣದ ಚಿತ್ರಗಳೊಡನೆ 1933ರಲ್ಲಿ ಬಂದ ಸರ್ಕಾರಿ ವಾಚಕದ ಮೊದಲ ಪುಟವೇ ಚೆರಿ ಅರಳಿದ ಸಂತೋಷದ್ದು. ಜನ ಅದನ್ನು ‘ಸಾಕುರಾ ವಾಚಕ’ ಎಂದೇ ಕರೆದರು. ದೇಶಭಕ್ತಿಯ ಪಾಠಗಳಿದ್ದ ಆ ವಾಚಕದಿಂದ ಏಪ್ರಿಲ್, ಚೆರಿ, ಮೊದಲ ಪಾಠ ಮೂರೂ ಒಂದು ತಲೆಮಾರಿನ ಮನಸ್ಸಿನಲ್ಲಿ ಒಂದಾದವು.

ವಸಂತದ ಮತ್ತೊಂದು ಗುರುತು ‘ರಾಂದೋಸೆರು’ ಎಂಬ ಗಟ್ಟಿ ಚರ್ಮದ ಪಾಟಿಚೀಲ. ಸೈನಿಕರ ಬೆನ್ನುಚೀಲದಿಂದ ಬಂದದ್ದಿದು. ಶ್ರೀಮಂತ ಮನೆತನದ ಮಕ್ಕಳು ಓದುತ್ತಿದ್ದ ಗಕುಶೂಯಿನ್ ಶಾಲೆ 1885ರಲ್ಲಿ ಗಾಡಿ, ರಿಕ್ಷಾಗಳಲ್ಲಿ ಬರುವುದನ್ನು ನಿಲ್ಲಿಸಿ, ಸಾಮಾನನ್ನು ಆಳಿನ ಕೈಯಲ್ಲಿ ಹೊರಿಸದೆ ಮಕ್ಕಳೇ ಬೆನ್ನಿಗೆ ಹಾಕಿಕೊಂಡು ಬರಬೇಕೆಂದು ಹೇಳಿತು. 1887ರಲ್ಲಿ ಮುಂದೆ ತೈಶೋ ಚಕ್ರವರ್ತಿಯಾದ ರಾಜಕುಮಾರ ಶಾಲೆ ಸೇರಿದಾಗ ಪ್ರಧಾನಿ ಇತೋ ಹಿರೋಬುಮಿ ಪೆಟ್ಟಿಗೆಯಾಕಾರದ ಚರ್ಮದ ಚೀಲವೊಂದನ್ನು ಉಡುಗೊರೆಯಾಗಿ ಕೊಟ್ಟ. ಹಳ್ಳಿಯ ಮಕ್ಕಳು ಬಹುಕಾಲ ಪುಸ್ತಕಗಳನ್ನು ಚೌಕದ ಬಟ್ಟೆಯಲ್ಲಿ ಗಂಟುಕಟ್ಟಿಯೇ ಒಯ್ಯುತ್ತಿದ್ದರು. ರಾಂದೋಸೆರು ಎಲ್ಲರದಾದದ್ದು ಎರಡನೆಯ ಮಹಾಯುದ್ಧದ ಬಳಿಕದ ಏಳಿಗೆಯ ದಿನಗಳಲ್ಲಿ. ಹುಡುಗರಿಗೆ ಕಪ್ಪು, ಹುಡುಗಿಯರಿಗೆ ಕೆಂಪು ಎಂಬ ಹಳೆಯ ಕಟ್ಟು ಈಗ ಸಡಿಲಿ ಹತ್ತಾರು ಬಣ್ಣಗಳು ಬಂದಿವೆ. ಆರು ವರ್ಷ ಬಾಳುವ ಈ ದುಬಾರಿ ಚೀಲವನ್ನು ಅನೇಕ ಮನೆಗಳಲ್ಲಿ ಅಜ್ಜ ಅಜ್ಜಿಯರೇ ಕೊಡಿಸುತ್ತಾರೆ.

ಯುದ್ಧದ ನಂತರ ಆಡಳಿತ, ಪಠ್ಯ ಎಲ್ಲವೂ ಬದಲಾದರೂ ಏಪ್ರಿಲ್ ಬದಲಾಗಲಿಲ್ಲ. ಆರು ವರ್ಷ ಪ್ರಾಥಮಿಕ, ಮೂರು ವರ್ಷ ಕಿರಿಯ ಮಾಧ್ಯಮಿಕ ಎಂಬ ಹೊಸ ಪದ್ಧತಿ ಜಾರಿಯಾದದ್ದೂ 1947ರ ಏಪ್ರಿಲ್ 1ರಂದು. ಅಂದಿನಿಂದ ವಸಂತದ ಕೆಲಸಗಳ ಸರಣಿ ಹೆಚ್ಚುಕಡಿಮೆ ಒಂದೇ ರೀತಿ ಸಾಗಿದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಎತ್ತರ, ತೂಕ, ಕಣ್ಣು, ಹಲ್ಲುಗಳ ತಪಾಸಣೆ. ಮೇಷ್ಟರು ಪ್ರತಿ ಮಗುವಿನ ಮನೆಗೆ ಹೋಗಿ ಪೋಷಕರೊಡನೆ ಮಾತಾಡಿ ಬರುವ ಮನೆಭೇಟಿ. ಇದು ಇತ್ತೀಚೆಗೆ ಕಡಿಮೆಯಾಗುತ್ತಿದೆ. ಮೇ 5 ಮಕ್ಕಳ ದಿನ, 1948ರಿಂದ ರಾಷ್ಟ್ರೀಯ ರಜೆ. ಬುತ್ತಿ ಕಟ್ಟಿಕೊಂಡು ಹೋಗುವ ಹೊರಸಂಚಾರ. ಮೇ ತಿಂಗಳಲ್ಲಿ ಒಂದನೆಯ ತರಗತಿಯ ಪ್ರತಿ ಮಗುವೂ ತನ್ನದೇ ಕುಂಡದಲ್ಲಿ ‘ಅಸಗಾವೊ’ ಹೂಬಳ್ಳಿಯ ಬೀಜ ಊರಿ, ಕಡ್ಡಿ ನೆಟ್ಟು, ದಿನವೂ ನೀರು ಹಾಕಿ, ಬೆಳೆದದ್ದನ್ನು ಚಿತ್ರ ಬರೆದಿಡುತ್ತದೆ. ಬೇಸಿಗೆ ರಜೆಗೆ ಕುಂಡ ಮನೆಗೆ ಹೋಗುತ್ತದೆ.

ಕ್ರೀಡಾಕೂಟಕ್ಕೂ ವಸಂತಕ್ಕೂ ಹಳೆಯ ನಂಟಿದೆ. ಜಪಾನಿನ ಮೊದಲ ಶಾಲಾ ಕ್ರೀಡಾಕೂಟವೆಂದು ಎಣಿಸುವುದು 1874ರ ಮಾರ್ಚ್‌ನಲ್ಲಿ ಟೋಕಿಯೋದ ತ್ಸುಕಿಜಿಯ ನೌಕಾ ಶಾಲೆಯಲ್ಲಿ ಬ್ರಿಟಿಷ್ ಬೋಧಕರು ನಡೆಸಿದ ಕೂಟವನ್ನು. ಪ್ರಾಥಮಿಕ ಶಾಲೆಗಳಲ್ಲಿ ಅದು ಮಕ್ಕಳೆಲ್ಲ ಕೆಂಪು ಮತ್ತು ಬಿಳಿ ಟೋಪಿಯ ಎರಡು ಪಕ್ಷಗಳಾಗಿ ಹಗ್ಗ ಜಗ್ಗುವ, ಎತ್ತರದ ಬುಟ್ಟಿಗೆ ಚೆಂಡು ಎಸೆಯುವ, ರಿಲೇ ಓಡುವ ಊರಹಬ್ಬವಾಯಿತು. 1964ರ ಅಕ್ಟೋಬರ್ 10ರಂದು ಟೋಕಿಯೋ ಒಲಿಂಪಿಕ್ಸ್ ಶುರುವಾದ ನೆನಪಿಗೆ 1966ರಿಂದ ಆ ದಿನ ಕ್ರೀಡಾದಿನವಾದ್ದರಿಂದ ಕ್ರೀಡಾಕೂಟ ಶರತ್ಕಾಲಕ್ಕೆ ಸೇರಿದ್ದೆಂಬ ಭಾವನೆ ಬಲವಾಯಿತು. ಈಗ ಸೆಪ್ಟೆಂಬರ್ ಬಿಸಿಲಿಗೆ ಹೆದರಿ ಬಹಳ ಶಾಲೆಗಳು ಅದನ್ನು ಮೇ ತಿಂಗಳಲ್ಲಿ ನಡೆಸುತ್ತವೆ.

ಬಿಸಿ ಏರುತ್ತಿರುವುದು ಚೆರಿಯನ್ನೂ ಮುಟ್ಟಿದೆ. ಟೋಕಿಯೋದಲ್ಲಿ ಹೂ ಬಿಡುವ ಸರಾಸರಿ ದಿನ 1961–1990ರ ಅವಧಿಯಲ್ಲಿ ಮಾರ್ಚ್ 29 ಆಗಿತ್ತು. 1991–2020ರ ಅವಧಿಯಲ್ಲಿ ಅದು ಮಾರ್ಚ್ 24ಕ್ಕೆ ಬಂದಿದೆ. 2020, 2021 ಮತ್ತು 2023ರಲ್ಲಿ ಮಾರ್ಚ್ 14ಕ್ಕೇ ಅರಳಿತು. ಹೀಗಾಗಿ ಪ್ರವೇಶದ ಹೂವಾಗಿದ್ದದ್ದು ರಾಜಧಾನಿಯಲ್ಲಿ ಬೀಳ್ಕೊಡುಗೆಯ ಹೂವಾಗುತ್ತಿದೆ. ಉತ್ತರದ ಸಪ್ಪೊರೊದಲ್ಲಾದರೋ ಅದು ಅರಳುವುದು ಶಾಲೆ ತೆರೆದು ಮೂರು ವಾರ ಕಳೆದ ಮೇಲೆ.

ಏಪ್ರಿಲ್ ಆರಂಭವನ್ನು ಬಿಡಬೇಕೆಂಬ ಮಾತು ಹಲವು ಸಲ ಬಂದಿದೆ. 1980ರ ದಶಕದ ಶಿಕ್ಷಣ ಸುಧಾರಣಾ ಮಂಡಳಿ ಶರತ್ಕಾಲದ ಆರಂಭವನ್ನು ಚರ್ಚಿಸಿತು. ಕೋವಿಡ್‌ನಿಂದಾಗಿ 2020ರ ಮಾರ್ಚ್ 2ರಿಂದ ಶಾಲೆಗಳು ಮುಚ್ಚಿದಾಗ, ಕಳೆದ ಪಾಠ ತುಂಬಿಕೊಳ್ಳಲು ಸೆಪ್ಟೆಂಬರ್‌ಗೆ ಹೋಗೋಣವೆಂಬ ಒತ್ತಾಯ ಎದ್ದಿತು. ಕೆಲವೇ ವಾರಗಳಲ್ಲಿ ಅದು ತಣ್ಣಗಾಯಿತು. ಹಣಕಾಸು ವರ್ಷ, ಮೇಷ್ಟರ ವರ್ಗಾವಣೆ, ಕಂಪನಿಗಳ ನೇಮಕಾತಿ, ಮಕ್ಕಳ ವಯಸ್ಸಿನ ಲೆಕ್ಕ ಎಲ್ಲವೂ ಏಪ್ರಿಲ್‌ಗೆ ಬೆಸೆದುಕೊಂಡಿರುವುದರಿಂದ ಒಂದನ್ನು ಸರಿಸಿದರೆ ಉಳಿದದ್ದನ್ನೂ ಸರಿಸಬೇಕಾಗುತ್ತದೆ. ಬದಲಾವಣೆಯ ವರ್ಷದಲ್ಲಿ ಒಂದನೆಯ ತರಗತಿಗೆ ಹದಿನೇಳು ತಿಂಗಳ ಅವಧಿಯಲ್ಲಿ ಹುಟ್ಟಿದ ಮಕ್ಕಳು ಒಮ್ಮೆಗೇ ಸೇರಬೇಕಾದೀತು. ಶಾಲೆಯನ್ನು ಏಪ್ರಿಲ್‌ಗೆ ಎಳೆದು ತಂದ ಆಡಳಿತದ ಕಾರಣಗಳೇ ಅದನ್ನು ಅಲ್ಲಿ ಉಳಿಸಿಕೊಂಡಿವೆ.