ಎಳ್ಳು, ಕೊಬ್ಬರಿ ಮತ್ತು ಹೊಟ್ಟೆಯೊಳಗಿನ ಕೆಲಸಗಾರರು

ಕೊಬ್ಬರಿ ಮಾರಿಯೇ ಬದುಕಿದ ತಿಪಟೂರು ಸೀಮೆಯವರು ನಾವು. ಹೃದಯದ ತೊಂದರೆ ಆದಮೇಲೆ ಅಪ್ಪ, ಜಿಡ್ಡಿನ ಭಯಕ್ಕೆ, ಸಂಕ್ರಾಂತಿಯ ಎಳ್ಳುಬೆಲ್ಲದಿಂದ ಕೊಬ್ಬರಿ ಚೂರು ಆರಿಸಿ ಪಕ್ಕಕ್ಕಿಡ್ತಾರೆ. (ನೋಡೋಕೆ ಸಂಕಟ.)

ಎಳ್ಳಿನ ಕತೆ ಬೇರೆ. 1980ರಲ್ಲಿ ವಿಜ್ಞಾನಿಗಳು ಮನುಷ್ಯರ ಮೂತ್ರದಲ್ಲಿ ಎಂಟೆರೊಲ್ಯಾಕ್ಟೋನ್ ಅನ್ನೋ ವಸ್ತು ಗುರುತಿಸಿದರು. ಹೆಂಗಸರಲ್ಲಿ ಮುಟ್ಟಿಗೆ ತಕ್ಕಂತೆ ಏರಿಳಿಯುತ್ತಿದ್ದರಿಂದ ದೇಹವೇ ಮಾಡುವ ಹಾರ್ಮೋನು ಇರಬಹುದು ಅಂದುಕೊಂಡಿದ್ದರಂತೆ! ಆಮೇಲೆ ನೋಡಿದರೆ, ಅಗಸೆ, ಧಾನ್ಯಗಳಲ್ಲಿರುವ ಲಿಗ್ನಾನ್‌ಗಳನ್ನು ಕರುಳಿನ ಬ್ಯಾಕ್ಟೀರಿಯಾಗಳೇ ಹೀಗೆ ಮಾರ್ಪಡಿಸುತ್ತಿದ್ದವು. ಆಂಟಿಬಯಾಟಿಕ್ ನುಂಗಿದರೆ ಇದು ರಕ್ತದಲ್ಲಿ ಇಳಿಯುತ್ತದೆ. ಎಳ್ಳಿನ ಸೆಸಮಿನ್‌ನಿಂದಲೂ ಆಗುತ್ತದೆಂದು 2005ರಲ್ಲಿ ತಿಳಿಯಿತು.

1999ರ ಫಿನ್ಲೆಂಡಿನ ಅಧ್ಯಯನದಲ್ಲಿ, ರಕ್ತದಲ್ಲಿ ಇದು ಹೆಚ್ಚಿದ್ದ ಗಂಡಸರಿಗೆ ಹೃದಯಾಘಾತ ಕಡಿಮೆ ಇತ್ತು. ಇದರಿಂದಲೇ ಅಂತ ಹೇಳಲಾಗದು. ಧಾನ್ಯ, ತರಕಾರಿ ಹೆಚ್ಚು ತಿನ್ನುವವರಲ್ಲೂ ಇದು ಹೆಚ್ಚೇ ಇರುತ್ತದೆ.

ಅಪ್ಪನಿಗೆ ಇಷ್ಟೂ ಹೇಳಿದೆ. "ಹಂಗಾರೆ ಕೊಬ್ಬರಿಗೆ ಏನೂ ಇಲ್ವೇನ್ಲಾ?" ಅಂದ್ರು.