ಹಲ್ಲಿನ ಅಚ್ಚು ಮತ್ತು ಪಿಂಗಾಣಿಯ ಅಂಟು

ಹಲ್ಲಿಗೆ ಹಾಕಿಸಿದ ಪಿಂಗಾಣಿಯ ಕ್ಯಾಪ್ ಕಳಚಿ ಬಂದರೆ ನಾವು ಸಿಮೆಂಟನ್ನು ದೂರುತ್ತೇವೆ. ದೋಷದ ಮೂಲ ಕೆಲವೊಮ್ಮೆ ಅದಕ್ಕೂ ಹಿಂದೆ, ಹಲ್ಲಿನ ಅಚ್ಚು ತೆಗೆದ ದಿನದಲ್ಲಿಯೇ ಇರುತ್ತದೆ.

ಅಂಟಿನ ಬಲ ಬಹುಮಟ್ಟಿಗೆ ಸೂಕ್ಷ್ಮ ಕುಳಿಗಳಲ್ಲಿದೆ. ಫಾಸ್ಫಾರಿಕ್ ಆಮ್ಲ ಸವರಿದ ಎನಾಮೆಲ್ ಒರಟಾಗಿ ರಾಳವನ್ನು ಹಿಡಿದುಕೊಳ್ಳುತ್ತದೆಂದು ಮೈಕೆಲ್ ಬ್ಯುನೊಕೋರ್ 1955ರಲ್ಲಿ ತೋರಿಸಿದರು. ಪಿಂಗಾಣಿಯ ಬದಿಯಲ್ಲಿ ಇದೇ ಕೆಲಸವನ್ನು ಹೈಡ್ರೋಫ್ಲೋರಿಕ್ ಆಮ್ಲ ಮಾಡಬಲ್ಲುದೆಂದು ಸೈಮನ್‌ಸೆನ್ ಮತ್ತು ಕಲಾಮಿಯಾ 1983ರಲ್ಲಿ ವರದಿ ಮಾಡಿದರು. ಅನಂತರ ಲೇಪಿಸುವ ಸೈಲೇನ್, ಪಿಂಗಾಣಿಯ ಗಾಜಿಗೂ ರಾಳಕ್ಕೂ ರಾಸಾಯನಿಕ ಸೇತುವೆಯಾಗುತ್ತದೆ. ಆ ಕುಳಿಗಳಲ್ಲಿ ಬೇರೇನಾದರೂ ಮೊದಲೇ ಸೇರಿಕೊಂಡರೆ ರಾಳಕ್ಕೆ ಎಡೆಯಿಲ್ಲ.

ಹಾಗೆ ಸೇರಿಕೊಳ್ಳುವವುಗಳಲ್ಲಿ ಸಿಲಿಕೋನ್ ಮುಖ್ಯವಾದುದು. ಪಿಂಗಾಣಿ ಸರಿಯಾಗಿ ಕೂರುವುದೇ ಎಂದು ಪರೀಕ್ಷಿಸಲು ಅದರೊಳಗೆ ತೆಳುವಾದ ಸಿಲಿಕೋನ್ ಹಾಕಿ ನೋಡುವುದುಂಟು. ಸುಲಿದು ತೆಗೆದರೂ ಕಣ್ಣಿಗೆ ಕಾಣದ ಪದರವೊಂದು ಉಳಿಯಬಹುದು. ಆದುದರಿಂದ ಪರೀಕ್ಷೆ ಮೊದಲು, ಆಮ್ಲದ ಕೆಲಸ ಆಮೇಲೆ ಎಂಬ ಕ್ರಮವೇ ಲೇಸು.

ಹಲ್ಲಿನ ಬದಿಯ ಸಮಸ್ಯೆ ಇನ್ನೂ ಸ್ವಾರಸ್ಯಕರ. ಕೆತ್ತಿದ ಡೆಂಟಿನ್ನನ್ನು ಅಚ್ಚಿಗೆ ಮೊದಲೇ ರಾಳದಿಂದ ಮುಚ್ಚುವ ಪದ್ಧತಿ ಈಗ ಬಳಕೆಯಲ್ಲಿದೆ. ಇದರಿಂದ ಜುಮ್ಮೆನ್ನುವ ನೋವು ತಗ್ಗುತ್ತದೆ, ಅಂಟೂ ಗಟ್ಟಿಯಾಗುತ್ತದೆ. ಆದರೆ ಗಾಳಿಯ ಆಮ್ಲಜನಕ ತಗುಲಿದ ಮೇಲ್ಪದರ ಗಟ್ಟಿಯಾಗದೆ ಜಿಗುಟಾಗಿಯೇ ಉಳಿಯುತ್ತದೆ. ಅದರ ಮೇಲೆ ಸಿಲಿಕೋನ್ ಸರಿಯಾಗಿ ಗಟ್ಟಿಯಾಗದು, ಪಾಲಿಈಥರ್ ಕಚ್ಚಿಕೊಂಡು ಹರಿಯಬಹುದು. ಗ್ಲಿಸರಿನ್ ಜೆಲ್ ಹಚ್ಚಿ ಮತ್ತೊಮ್ಮೆ ಬೆಳಕು ಹಾಯಿಸಿ, ಪ್ಯೂಮಿಸ್‌ನಿಂದ ಉಜ್ಜಿದರೆ ಈ ತೊಡಕು ತಪ್ಪುತ್ತದೆ.

ಇನ್ನು ನಮ್ಮ ಲವಂಗದ ಎಣ್ಣೆ. ಬೆಂಗಳೂರಿನಿಂದ ಗ್ರೀನ್‌ಫರ್ಡ್‌ವರೆಗೆ ಹಲ್ಲುನೋವಿಗೆ ಇದೇ ಮೊದಲ ಮದ್ದು. ಇದರಲ್ಲಿರುವ ಯೂಜೆನಾಲ್, ರಾಳ ಗಟ್ಟಿಯಾಗುವ ಕ್ರಿಯೆಯನ್ನು ತಡೆಯುತ್ತದೆ. ಕೆಲವು ಹಳೆಯ ಅಚ್ಚಿನ ಪೇಸ್ಟುಗಳಲ್ಲಿಯೂ ತಾತ್ಕಾಲಿಕ ಸಿಮೆಂಟುಗಳಲ್ಲಿಯೂ ಇದೇ ವಸ್ತುವಿದೆ. ಊರಿಗೆ ಹೋದಾಗ ಹಲ್ಲು ಕೆತ್ತಿಸಿಕೊಂಡು, ತಾತ್ಕಾಲಿಕ ಕ್ಯಾಪಿನೊಡನೆ ಮರಳಿ ಇಲ್ಲಿ ಪಿಂಗಾಣಿ ಅಂಟಿಸಿಕೊಳ್ಳುವವರು ಯಾವ ಸಿಮೆಂಟು ಬಳಸಿದ್ದರೆಂದು ಬರೆಸಿಕೊಂಡು ಬರುವುದು ಒಳಿತು. ಲವಂಗದ ಎಣ್ಣೆ ಹಚ್ಚಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಬೇಕು.

ಕ್ಯಾಪ್ ಜಿರ್ಕೋನಿಯಾದ್ದಾದರೆ ಲೆಕ್ಕ ಬೇರೆ. ಅದರಲ್ಲಿ ಗಾಜಿನಂಶ ಇಲ್ಲವೆನ್ನುವಷ್ಟು ಕಡಿಮೆ, ಆದುದರಿಂದ ಹೈಡ್ರೋಫ್ಲೋರಿಕ್ ಆಮ್ಲ ಕುಳಿ ಕೊರೆಯಲಾರದು. ಎಂಜಲು ತಗುಲಿದ ಪಿಂಗಾಣಿಯನ್ನು ಶುಚಿಮಾಡುವ ಫಾಸ್ಫಾರಿಕ್ ಆಮ್ಲ ಇಲ್ಲಿ ತಾನೇ ಮೇಲ್ಮೈಗೆ ಅಂಟಿಕೊಂಡು ಬೆಸುಗೆಯನ್ನು ಕೆಡಿಸುತ್ತದೆ.